ಜಡರ್: ಯಂತ್ರಯುಗದ ಅದುರಾಟಕ್ಕೆ ಇಂಗ್ಲಿಷ್ ಕೊಟ್ಟ ಕ್ರಿಯಾಪದ

ಜಡರ್ ಎಂಬುದು ಯಂತ್ರ, ವಾಹನ, ಪರದೆಯ ಮೇಲಿನ ಚಿತ್ರ ಮೊದಲಾದವು ತಡೆತಡೆದು, ಬಲವಾಗಿ, ಒಂದರ ಹಿಂದೊಂದು ಬೇಗಬೇಗ ಅದುರುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದ. ರೂಪ ಬದಲಾಗದೆ ನಾಮಪದವಾಗಿಯೂ ಬಳಕೆಯಾಗುತ್ತದೆ. ಮುದ್ರಣದಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 1931ರಲ್ಲಿ ಎಂದು ನಿಘಂಟುಗಳು ದಾಖಲಿಸಿವೆ. ಸಾವಿರ ವರ್ಷ ಹಳೆಯ ಪದಗಳ ನಡುವೆ ಬಾಳುವ ಭಾಷೆಯಲ್ಲಿ ಇದಿನ್ನೂ ಎಳೆಯ ಪದ. ಮುಖ್ಯವಾಗಿ ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಮಾತಿನಲ್ಲಿ ಬದುಕಿದೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಇದನ್ನು ಬಹುಮಟ್ಟಿಗೆ ಬ್ರಿಟಿಷರ ಪದವೆಂದೇ ಗುರುತಿಸುತ್ತದೆ.

ನಡುಕಕ್ಕೆ ಇಂಗ್ಲಿಷಿನಲ್ಲಿ ಪದಗಳ ಬರವಿಲ್ಲ. ಶಿವರ್, ಶಡರ್, ಟ್ರೆಂಬಲ್, ಕ್ವೇಕ್, ಕ್ವಿವರ್, ವಾಬಲ್, ಟಾಟರ್ ಎಲ್ಲವೂ ಮೊದಲೇ ಇದ್ದವು. ಹಾಗಿದ್ದೂ ಹೊಸದೊಂದು ಪದ ಹುಟ್ಟಿ, ನೂರು ವರ್ಷ ತುಂಬುವ ಮೊದಲೇ ಗ್ಯಾರೇಜು, ಸಿನಿಮಾ, ಕಂಪ್ಯೂಟರು, ಪತ್ರಿಕಾ ಭಾಷೆಗಳಲ್ಲಿ ಬೇರೂರಿತು. ಕಾರಣ, ಹಳೆಯ ಪದಗಳೆಲ್ಲ ಚಳಿಗೆ, ಭಯಕ್ಕೆ, ಎಲೆಗೆ, ನೆಲಕ್ಕೆ, ಮುಪ್ಪಿಗೆ ಹುಟ್ಟಿದವು. ಒಂದೇ ಸಮನೆ ಸಾಗಬೇಕಾದ ಚಲನೆ ತನ್ನೊಳಗಿನ ತಡೆಯಿಂದಲೇ ತುಂಡುತುಂಡಾಗಿ, ಆ ತುಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆದಂತೆ ಭಾಸವಾಗುವ ಅನುಭವ ಯಂತ್ರದ ಜೊತೆಗೆ ಬಂದದ್ದು. ಜಡರ್ ಎಂಬ ಪದದ ಎಲ್ಲ ಬಳಕೆಗಳ ಒಳಗೂ ಈ ಒಂದೇ ಅರ್ಥ ಹರಿಯುತ್ತದೆ.

ಹುಟ್ಟು ಮತ್ತು ನಾದ

ಈ ಪದಕ್ಕೆ ಲ್ಯಾಟಿನ್, ಗ್ರೀಕ್ ಮೂಲವಿಲ್ಲ. ಹಳೆಯ ಇಂಗ್ಲಿಷಿನ ಧಾತುವೂ ಇಲ್ಲ. ಇದು ಅನುಕರಣ ಪದ. ಸದ್ದನ್ನೂ ಏಟನ್ನೂ ಬಾಯಲ್ಲಿ ಮಾಡಿ ತೋರಿಸುವ ಪದ. ಶಡರ್ ಎಂಬ ಹಳೆಯ ಪದದ ಪ್ರಾಸ ಇದರ ಹಿಂದೆ ಕೆಲಸ ಮಾಡಿರುವುದು ಸ್ಪಷ್ಟ. ಶಡರ್ ಮಧ್ಯಕಾಲೀನ ಇಂಗ್ಲಿಷಿನಿಂದ ಬಂದದ್ದು, ಜರ್ಮನ್ ಭಾಷೆಯ ಶೌಡರ್ನ್ ಎಂಬ ಕ್ರಿಯಾಪದದ ಬಳಗದ್ದು. ಮೈ ಜುಮ್ಮೆನ್ನುವ ಅಥವಾ ಅಸಹ್ಯದಿಂದ ಒಮ್ಮೆ ನಡುಗುವ ಅರ್ಥ ಅದಕ್ಕೆ. ಆ ಪದದ ಮೊದಲಿನ ಮೆತ್ತಗಿನ ಶಕಾರ ಹೋಗಿ ಗಟ್ಟಿ ಜಕಾರ ಬಂದದ್ದೇ ತಡ, ಮೈಯ ನಡುಕ ಯಂತ್ರದ ಅದುರಾಟವಾಯಿತು.

ಈ ಜಕಾರ ಬರೀ ಆಕಸ್ಮಿಕವಲ್ಲ. ಜೋಲ್ಟ್, ಜರ್ಕ್, ಜಾರ್, ಜಾಗ್, ಜಿಗಲ್, ಜಂಪ್, ಜೌನ್ಸ್: ಥಟ್ಟನೆ ಎತ್ತಿಹಾಕುವ ಚಲನೆಯ ಎಷ್ಟೋ ಇಂಗ್ಲಿಷ್ ಪದಗಳು ಇದೇ ಧ್ವನಿಯಿಂದ ಶುರುವಾಗುತ್ತವೆ. ಹೀಗೆ ಒಂದು ಧ್ವನಿಗುಚ್ಛವೇ ಒಂದು ಬಗೆಯ ಅರ್ಥಛಾಯೆಯನ್ನು ಹೊತ್ತು ಹಲವು ಪದಗಳಲ್ಲಿ ಮರುಕಳಿಸುವುದನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1930ರಲ್ಲಿ ಗುರುತಿಸಿ, ಫೋನೆಸ್ಥೀಮ್ ಎಂದು ಹೆಸರಿಟ್ಟರು. ಅದಕ್ಕೆ ಮುನ್ನ 1920ರ ದಶಕದಲ್ಲಿ ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಫರ್ತ್ ಅವರ ಪರಿಕಲ್ಪನೆಗೆ ಜಡರ್‌ಗಿಂತ ಒಪ್ಪುವ ಉದಾಹರಣೆ ಸಿಗುವುದು ಕಷ್ಟ. ಅವರು ಅದನ್ನು ಪ್ರಕಟಿಸಿದ ಹೊತ್ತಿಗೇ ಈ ಪದವೂ ಅಚ್ಚಿನ ಮನೆ ಸೇರಿದ್ದು ಸೊಗಸಾದ ಕಾಕತಾಳೀಯ.

ಪದದ ಬಾಲಕ್ಕೂ ಒಂದು ಚರಿತ್ರೆಯಿದೆ. ಕ್ರಿಯೆ ಮತ್ತೆ ಮತ್ತೆ ನಡೆಯುತ್ತದೆ ಎಂದು ಸೂಚಿಸಲು ಇಂಗ್ಲಿಷಿನ ಪೂರ್ವಜರು ಧಾತುವಿಗೆ ‘ಅರ್’ ಎಂಬ ಪ್ರತ್ಯಯ ಹಚ್ಚುತ್ತಿದ್ದರು. ಸ್ಲೈಡ್ ಎಂಬುದರಿಂದ ಸ್ಲಿದರ್, ವೆಂಡ್ ಎಂಬುದರಿಂದ ವಾಂಡರ್, ಪ್ಯಾಟ್ ಎಂಬುದರಿಂದ ಪ್ಯಾಟರ್ ಬಂದದ್ದು ಹೀಗೆ. ಈಗ ಆ ಪ್ರತ್ಯಯ ಸ್ವತಂತ್ರವಾಗಿ ಉಳಿದಿಲ್ಲ. ಆದರೆ ಫ್ಲಟರ್, ಫ್ಲಿಕರ್, ಸ್ಟಟರ್, ಟೀಟರ್, ಡಿದರ್, ಡಾಡರ್ ಎಂಬ ಪದಗಳ ಸಾಲು ಕೇಳಿ ಬೆಳೆದ ಕಿವಿಗೆ, ಅರ್ ಎಂದು ಮುಗಿದರೆ ಪುನರಾವರ್ತನೆ ಎಂಬ ಭಾವ ತಾನಾಗಿ ಬರುತ್ತದೆ. ‘ಜಡ್’ ಎಂಬ ಧಾತುವೇ ಇಂಗ್ಲಿಷಿನಲ್ಲಿಲ್ಲ. ಹೊಸ ಪದ ಕಟ್ಟಿದವರು ಹಳೆಯ ಅಚ್ಚಿಗೆ ಹೊಸ ಸದ್ದು ಸುರಿದರು, ಅಷ್ಟೆ.

ಈ ಪದ ಹುಟ್ಟಿದ ಕಾಲವನ್ನೂ ಗಮನಿಸಬೇಕು. ಬ್ರಿಟನ್ನಿನಲ್ಲಿ 1922ರಲ್ಲಿ ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರು ಬಂದು, ಮಧ್ಯಮ ವರ್ಗದ ಮನೆಗಳಿಗೂ ಮೋಟಾರು ಕಾರು ಎಟಕುವಂತಾಯಿತು. ಕ್ಲಚ್ ಬಿಡುವಾಗ ಪೆಡಲಿನ ಕೆಳಗೆ ಏನಾಗುತ್ತದೆ ಎಂಬುದು ಚಾಲಕರನ್ನೇ ನೇಮಿಸಿಕೊಂಡಿದ್ದ ಸಿರಿವಂತರ ಚಿಂತೆಯಲ್ಲ; ತಾವೇ ಕಾರು ಓಡಿಸುವ ಸಾವಿರಾರು ಜನರ ಚಿಂತೆ. ಅವರಿಗೆ ಆ ಅನುಭವವನ್ನು ಮೆಕ್ಯಾನಿಕ್ಕಿಗೆ ಹೇಳಲು ಒಂದು ಪದ ಬೇಕಿತ್ತು. ಆಕ್ಸ್‌ಫರ್ಡ್ ನಿಘಂಟು ಕೊಡುವ ಅರ್ಥವಿವರಣೆಯಲ್ಲೂ ಕಾರು ಮತ್ತು ಕ್ಯಾಮೆರಾದ ಯಂತ್ರಭಾಗಗಳೇ ಮುಂದಿವೆ. ಹಾಡುವ ಧ್ವನಿಯ ಬಲ ಏರಿಳಿಯುವ ಅರ್ಥ ಅವುಗಳ ಬೆನ್ನಿಗಿದೆ.

ಸೋದರ ಪದಗಳ ನಡುವೆ

ಶಿವರ್ ಎಂದರೆ ಚಳಿಯ ಸಣ್ಣ ನಡುಕ. ಟ್ರೆಂಬಲ್ ಎಂದರೆ ಕೈ, ದನಿ, ಎಲೆಗಳ ನಡುಕ; ಅದರಲ್ಲಿ ಭಯವೋ ಭಾವಾವೇಶವೋ ಇರುತ್ತದೆ. ಕ್ವೇಕ್ ಭೂಮಿಯದು. ಭಕ್ತಿಯಿಂದ ನಡುಗುವವರಿಗೂ ಅದು ಅಂಟಿಕೊಂಡಿತು: ದೇವರ ಮಾತಿಗೆ ನಡುಗಿ ಎಂದು ಬೋಧಿಸಿದ ಜಾರ್ಜ್ ಫಾಕ್ಸ್ ಅವರ ಅನುಯಾಯಿಗಳಿಗೆ 1650ರಲ್ಲಿ ಡಾರ್ಬಿಯ ನ್ಯಾಯಾಧೀಶರೊಬ್ಬರು ಕ್ವೇಕರರು ಎಂದು ಹೆಸರಿಟ್ಟರು. ಶಿಮ್ಮಿ ಎಂಬುದು ಮೊದಲು ಭುಜ ಕುಲುಕಿಸುವ ಕುಣಿತ. ಆಮೇಲೆ ವಾಹನದ ಮುಂದಿನ ಚಕ್ರ ಅತ್ತಿತ್ತ ಬಳುಕುವುದಕ್ಕೂ ವಿಮಾನದ ಮೂತಿಚಕ್ರದ ಅದೇ ಕಾಯಿಲೆಗೂ ಆ ಹೆಸರು ಬಂತು. ಜಿಟರ್ ದೂರಸಂಪರ್ಕದ ಪಾಲಾಗಿದೆ: ಜಾಲದಲ್ಲಿ ದತ್ತಾಂಶದ ಪೊಟ್ಟಣಗಳು ಸಮ ಅಂತರದಲ್ಲಿ ಬರದೆ ಹಿಂದುಮುಂದಾಗುವುದಕ್ಕೆ ಆ ಪದ.

ವಾಬಲ್ ಮತ್ತು ಜಡರ್‌ಗಳ ಅಂತರ ತಿಳಿಯಲು ಲಂಡನ್ನಿನ ಮಿಲೆನಿಯಮ್ ಸೇತುವೆಗಿಂತ ಒಳ್ಳೆಯ ಪಾಠವಿಲ್ಲ. ಥೇಮ್ಸ್ ನದಿಯ ಮೇಲಿನ ಈ ಕಾಲುಸೇತುವೆ 2000ದ ಜೂನ್ 10ರಂದು ತೆರೆಯಿತು. ಮೊದಲ ದಿನವೇ ಸುಮಾರು 90,000 ಜನ ಅದರ ಮೇಲೆ ನಡೆದರು. ಕೆಲವು ಹೊತ್ತಿನಲ್ಲಿ ಒಮ್ಮೆಗೇ 2,000 ಜನ ಇದ್ದರು. ಸೇತುವೆ ಅಕ್ಕಪಕ್ಕಕ್ಕೆ ತೂಗಾಡತೊಡಗಿತು. ಅದರ ತೂಗಾಟಕ್ಕೆ ತಕ್ಕಂತೆ ಜನ ಕಾಲು ಅಗಲಿಸಿ ಹೆಜ್ಜೆ ಹಾಕಿದರು, ಆ ಹೆಜ್ಜೆಗಳು ತೂಗಾಟವನ್ನು ಇನ್ನಷ್ಟು ಹೆಚ್ಚಿಸಿದವು. ತೆರೆದ ಎರಡೇ ದಿನದಲ್ಲಿ ಸೇತುವೆ ಮುಚ್ಚಬೇಕಾಯಿತು. ತೂಗಾಟ ತಗ್ಗಿಸುವ 37 ದ್ರವ ಡ್ಯಾಂಪರುಗಳನ್ನೂ 50ಕ್ಕೂ ಹೆಚ್ಚು ತೂಕದ ಡ್ಯಾಂಪರುಗಳನ್ನೂ ಕೂಡಿಸಿ 2002ರ ಫೆಬ್ರವರಿಯಲ್ಲಿ ಮತ್ತೆ ತೆರೆದರು. ಲಂಡನ್ನಿನವರು ಇಂದಿಗೂ ಅದನ್ನು ವಾಬಲ್ ಸೇತುವೆ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಜಡರ್ ಎಂದು ಯಾರೂ ಅನ್ನಲಿಲ್ಲ, ಅನ್ನುವಂತೆಯೂ ಇರಲಿಲ್ಲ. ಸೆಕೆಂಡಿಗೆ ಸುಮಾರು ಒಂದು ಸಲ, ನಿಧಾನವಾಗಿ, ಎಲ್ಲೂ ತಡೆಯಿಲ್ಲದೆ ಆದ ಓಲಾಟ ಅದು. ಓಲಾಟದಲ್ಲಿ ಏಟಿಲ್ಲ. ಜಡರ್‌ನಲ್ಲಿ ಏಟೇ ಮುಖ್ಯ.

ವಾಕ್ಯದೊಳಗೆ

ಇದು ಬಹುತೇಕ ಅಕರ್ಮಕ. ಕಾರು, ಬಸ್ಸು, ರೈಲು, ಲಿಫ್ಟು, ಹೆಲಿಕಾಪ್ಟರು, ಕೊರೆಯುವ ಯಂತ್ರ, ಹಳೆಯ ಫ್ರಿಜ್ಜು ಇದರ ಕರ್ತೃಪದಗಳು. ಮನುಷ್ಯ ಕರ್ತೃವಾದರೆ ಆ ಹೊತ್ತಿಗೆ ಅವನ ಮೈ ಅವನ ಹಿಡಿತದಲ್ಲಿಲ್ಲ ಎಂದೇ ಅರ್ಥ: ಬಿಕ್ಕಿ ಅಳುವಾಗಲೋ ಜ್ವರದಲ್ಲೋ ಮೈಗೆ ಈ ಕ್ರಿಯಾಪದ ಬರುತ್ತದೆ. ಒಬ್ಬರು ಇನ್ನೊಂದನ್ನು ಜಡರ್ ಮಾಡಿದರು ಎಂಬ ಸಕರ್ಮಕ ಪ್ರಯೋಗ ಅಪರೂಪ. ಭೂತಕಾಲ ಜಡರ್ಡ್, ವರ್ತಮಾನ ಕೃದಂತ ಜಡರಿಂಗ್, ಎರಡೂ ನಿಯಮಬದ್ಧ.

ಅತಿ ಹೆಚ್ಚು ಕಾಣುವ ನುಡಿಗಟ್ಟು ‘ಜಡರ್ಡ್ ಟು ಎ ಹಾಲ್ಟ್’. ಬಸ್ಸು ಅದುರುತ್ತಾ ಬಂದು ನಿಂತಿತು ಎಂದು ಅದರ ತಾತ್ಪರ್ಯ. ಇಲ್ಲಿ ಇಂಗ್ಲಿಷಿನ ಒಂದು ಸ್ವಭಾವ ಬೆಳಕಿಗೆ ಬರುತ್ತದೆ. ನಿಂತಿತು ಎಂಬ ಮುಖ್ಯ ಸಂಗತಿಗೆ ಆ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಕೊನೆಯ ಮೂರು ಪದಗಳ ಬಾಲ ಮಾತ್ರ ಇದೆ. ಹೇಗೆ ನಿಂತಿತು ಎಂಬುದು ಕ್ರಿಯಾಪದದ ಪಟ್ಟ ಪಡೆದಿದೆ. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1980ರ ದಶಕದಿಂದ ಜಗತ್ತಿನ ಭಾಷೆಗಳನ್ನು ಈ ದೃಷ್ಟಿಯಿಂದ ವಿಂಗಡಿಸುತ್ತ ಬಂದರು. ಕೆಲವು ಭಾಷೆಗಳು ಚಲನೆಯ ದಾರಿಯನ್ನು ಕ್ರಿಯಾಪದದಲ್ಲಿಟ್ಟು ರೀತಿಯನ್ನು ಹೊರಗಿಡುತ್ತವೆ. ಇಂಗ್ಲಿಷಿನಂಥವು ರೀತಿಯನ್ನು ಕ್ರಿಯಾಪದದಲ್ಲಿಟ್ಟು ದಾರಿಯನ್ನು ಹೊರಗಿಡುತ್ತವೆ. ಇಂಗ್ಲಿಷಿನಲ್ಲಿ ನಡಿಗೆ, ಓಟ, ನಡುಕ, ಓಲಾಟಗಳ ಕ್ರಿಯಾಪದಗಳು ನೂರಾರು ಸಂಖ್ಯೆಯಲ್ಲಿ ಬೆಳೆದಿರುವುದಕ್ಕೆ ಇದೊಂದು ಕಾರಣ. ರೀತಿಗೆ ವಾಕ್ಯದ ನಡುಮನೆಯಲ್ಲೇ ಜಾಗ ಸಿಕ್ಕಾಗ, ಅದಕ್ಕೆ ಹೊಸ ಹೊಸ ಪದಗಳೂ ಹುಟ್ಟುತ್ತವೆ.

ಕನ್ನಡದ ದಾರಿ ಬೇರೆ. ನಮ್ಮಲ್ಲಿ ನಿಲ್ಲುವುದೇ ಮುಖ್ಯ ಕ್ರಿಯೆ; ರೀತಿ ಅದರ ಮುಂದೆ ಬಂದು ಕೂರುತ್ತದೆ. ಗಡಗಡ, ಥರಥರ, ಗದಗದ, ಲಟಲಟ, ದಡಬಡ: ಶಾಲೆಯ ವ್ಯಾಕರಣ ಅನುಕರಣಾವ್ಯಯ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಈ ಜೋಡಿಪದಗಳು ಇಂಗ್ಲಿಷಿನ ನೂರು ಕ್ರಿಯಾಪದಗಳ ಕೆಲಸ ಮಾಡುತ್ತವೆ. ದ್ರಾವಿಡ ಭಾಷೆಗಳಷ್ಟೇ ಅಲ್ಲ, ಭಾರತದ ಬೇರೆ ಭಾಷಾಕುಟುಂಬಗಳೂ ಈ ಸಂಪತ್ತನ್ನು ಹಂಚಿಕೊಂಡಿವೆ ಎಂದು ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1969ರ ಪ್ರಬಂಧವೊಂದರಲ್ಲಿ ತೋರಿಸಿಕೊಟ್ಟರು. ಅನುಕರಣ ಪದಗಳನ್ನು ಮಕ್ಕಳ ಮಾತೆಂದು ಬದಿಗಿಡುವ ರೂಢಿ ತಪ್ಪು ಎಂಬುದಕ್ಕೆ ಆ ಪ್ರಬಂಧ ಇಂದಿಗೂ ಗಟ್ಟಿ ಆಧಾರ.

ಗ್ಯಾರೇಜಿನಲ್ಲಿ

ಜಡರ್‌ನ ತವರು ಮೋಟಾರು ವಾಹನ. ಅಲ್ಲಿ ಇದು ಬರೀ ವರ್ಣನೆಯಲ್ಲ, ರೋಗದ ಹೆಸರು.

ಮೊದಲನೆಯದು ಕ್ಲಚ್ ಜಡರ್. ನಿಂತ ವಾಹನವನ್ನು ಮೊದಲ ಗೇರಿನಲ್ಲೋ ರಿವರ್ಸಿನಲ್ಲೋ ಹೊರಡಿಸುವಾಗ ಕ್ಲಚ್ ಬಿಡುತ್ತಿದ್ದಂತೆ ಇಡೀ ಗಾಡಿ ಗದಗದ ಅದುರಿ, ಪೂರ್ತಿ ಬಿಟ್ಟ ಮೇಲೆ ಸುಮ್ಮನಾಗುತ್ತದೆ. ಇದರ ಮೂಲ ಘರ್ಷಣೆಯ ಒಂದು ಗುಣದಲ್ಲಿದೆ. ನೆಲದ ಮೇಲೆ ಭಾರದ ಬೀರು ತಳ್ಳಿದವರಿಗೆ ಅದು ಗೊತ್ತಿರುತ್ತದೆ: ತಳ್ಳಿದಷ್ಟೂ ಅಲುಗದು, ಅಲುಗಿದಾಗ ಥಟ್ಟನೆ ಮುಂದಕ್ಕೆ ಹಾರಿ ಮತ್ತೆ ಕಚ್ಚಿಕೊಳ್ಳುತ್ತದೆ. ನಿಂತ ಮೇಲ್ಮೈಗಳ ನಡುವಿನ ಹಿಡಿತ ಜಾರುವ ಮೇಲ್ಮೈಗಳ ಹಿಡಿತಕ್ಕಿಂತ ಹೆಚ್ಚು. ಹಾಗಾಗಿ ಚಲನೆ ಕಚ್ಚುವುದು, ಜಾರುವುದು, ಮತ್ತೆ ಕಚ್ಚುವುದು ಎಂಬ ಸರಪಳಿಯಾಗುತ್ತದೆ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಇದೇ ತತ್ತ್ವದಿಂದ. ಅಲ್ಲಿ ಅದು ಸೆಕೆಂಡಿಗೆ ನೂರಾರು ಸಲ ನಡೆದು ಸ್ವರವಾಗುತ್ತದೆ, ಕ್ಲಚ್ಚಿನಲ್ಲಿ ಸುಮಾರು ಹತ್ತಿಪ್ಪತ್ತು ಸಲ ನಡೆದು ಕುಲುಕಾಟವಾಗುತ್ತದೆ.

ಈ ಸಂಖ್ಯೆಯಲ್ಲೇ ಪದದ ಗುಟ್ಟಿದೆ. ಸೆಕೆಂಡಿಗೆ ಸುಮಾರು ಇಪ್ಪತ್ತಕ್ಕಿಂತ ಹೆಚ್ಚು ಕಂಪನಗಳಾದರೆ ಕಿವಿ ಅವನ್ನು ಒಂದಾಗಿ ಬೆಸೆದು ಸದ್ದಾಗಿ ಕೇಳುತ್ತದೆ. ಒಂದೆರಡೇ ಆದರೆ ಅದು ತೂಗಾಟ. ಇವೆರಡರ ನಡುವಿನ ವಲಯದಲ್ಲಿ ಪ್ರತಿಯೊಂದು ಏಟೂ ಬೇರೆಬೇರೆಯಾಗಿ ಮೈಗೆ ತಾಗುತ್ತದೆ. ಕುಳಿತ ಮನುಷ್ಯನ ದೇಹ ಮೇಲೆ ಕೆಳಗಿನ ಕಂಪನಕ್ಕೆ ಅತಿ ಸೂಕ್ಷ್ಮವಾಗಿ ಸ್ಪಂದಿಸುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಆಸುಪಾಸಿನಲ್ಲಿ. ಜಡರ್ ಎಂಬ ಪದ ಈ ವಲಯದ ಒಡೆಯ. ವೈಬ್ರೇಟ್ ಎಂಬ ಶಾಸ್ತ್ರೀಯ ಪದ ಎಲ್ಲ ಕಂಪನಗಳಿಗೂ ಒಂದೇ. ಜಡರ್ ಎಂದಾಗ ಎಷ್ಟು ವೇಗದ ಕಂಪನ ಎಂಬುದೂ ಅದರೊಳಗೇ ಇರುತ್ತದೆ.

ಕ್ಲಚ್ ಜಡರ್‌ಗೆ ಕಾರಣಗಳು ಹಲವು. ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಸೀಲು ಸೋರಿ ಎಣ್ಣೆ ಕ್ಲಚ್ ಪ್ಲೇಟಿಗೆ ಹತ್ತಿರಬಹುದು. ಹಾಫ್ ಕ್ಲಚ್ಚಿನಲ್ಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸದಿಂದ ಫ್ಲೈವೀಲು ಅಲ್ಲಲ್ಲಿ ಸುಟ್ಟು ಗಟ್ಟಿಯಾಗಿರಬಹುದು. ಎಂಜಿನ್ ಕೂರುವ ರಬ್ಬರ್ ಮೌಂಟಿಂಗು ಹರಿದಿರಬಹುದು. ಘಾಟಿಯ ತಿರುವಿನಲ್ಲಿ, ಬೆಂಗಳೂರಿನ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಸಾಲಿನಲ್ಲಿ ಕ್ಲಚ್ಚಿಗೆ ಬೀಳುವ ಕಷ್ಟ ದೊಡ್ಡದು. ನಮ್ಮ ಮೆಕ್ಯಾನಿಕ್ಕುಗಳು ಇದನ್ನು ‘ಎತ್ತುವಾಗ ಜರ್ಕ್ ಹೊಡೀತದೆ’ ಎನ್ನುತ್ತಾರೆ. ಭಾರತದ ಇಂಗ್ಲಿಷ್ ಮೋಟಾರು ಪತ್ರಿಕೆಗಳಲ್ಲಿ ಮಾತ್ರ ಬ್ರಿಟಿಷ್ ಪರಂಪರೆಯಂತೆ ಕ್ಲಚ್ ಜಡರ್ ಎಂದೇ ಇರುತ್ತದೆ. ಅಮೆರಿಕದವರು ಇದೇ ರೋಗಕ್ಕೆ ಚಾಟರ್ ಎಂದೂ ಆಟೊಮ್ಯಾಟಿಕ್ ಗೇರಿನ ಗಾಡಿಗಳಲ್ಲಿ ಶಡರ್ ಎಂದೂ ಹೇಳುತ್ತಾರೆ.

ಎರಡನೆಯದು ಬ್ರೇಕ್ ಜಡರ್. ವೇಗದಲ್ಲಿದ್ದಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಅದುರುತ್ತದೆ, ಪೆಡಲು ಕಾಲನ್ನು ಒದೆಯುತ್ತದೆ. ಡಿಸ್ಕ್ ಬಾಗಿಹೋಗಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ; ಎಷ್ಟೋ ಸಲ ಬಾಗಿರುವುದಿಲ್ಲ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿಲ್ಲದಿರುವುದೇ ಕಾರಣ. ಆ ವ್ಯತ್ಯಾಸ ಮಿಲಿಮೀಟರಿನ ನೂರನೆಯ ಒಂದೆರಡು ಭಾಗವಿದ್ದರೂ ಸಾಕು, ಕೈಗೆ ಗೊತ್ತಾಗುತ್ತದೆ. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಅಲ್ಲಲ್ಲಿ ಮೆತ್ತಿಕೊಂಡರೆ, ಡಿಸ್ಕು ಹಬ್ಬಿನ ಮೇಲೆ ನೆಟ್ಟಗೆ ಕೂರದೆ ಪ್ಯಾಡಿಗೆ ಒಂದೇ ಕಡೆ ಉಜ್ಜುತ್ತಿದ್ದರೆ, ಚಕ್ರದ ನಟ್ಟುಗಳನ್ನು ಒಂದೊಂದು ಒಂದೊಂದು ಬಿಗಿಗೆ ತಿರುಗಿಸಿದ್ದರೆ ಹೀಗಾಗುತ್ತದೆ. ದೀರ್ಘ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬಂದಾಗ ಡಿಸ್ಕಿನ ಕೆಲವು ಜಾಗಗಳು ಮಾತ್ರ ಕಾದು ಉಬ್ಬುವುದು ಇನ್ನೊಂದು ಬಗೆ; ತಣ್ಣಗಾದ ಮೇಲೆ ಅಲ್ಲಿ ನೀಲಿ ಮಚ್ಚೆ ಉಳಿದಿರುತ್ತದೆ.

ಬ್ರೇಕ್ ಜಡರ್ ಚಕ್ರದ ತಾಳಕ್ಕೆ ಕಟ್ಟುಬಿದ್ದದ್ದು. ಚಕ್ರದ ಸುತ್ತಳತೆ ಎರಡು ಮೀಟರ್ ಇದ್ದು ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿದ್ದರೆ, ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ; ಡಿಸ್ಕಿನಲ್ಲಿ ಒಂದು ಉಬ್ಬಿದ್ದರೆ 14 ಏಟು, ಎರಡಿದ್ದರೆ 28. ವೇಗ ಇಳಿದಂತೆ ಏಟೂ ನಿಧಾನವಾಗುತ್ತದೆ. ರೋಗ ಪತ್ತೆಗೆ ಇದು ಒಳ್ಳೆಯ ಸುಳಿವು. ಹಾಗೆಯೇ, ಒದ್ದೆ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ, ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಕೆಲಸಕ್ಕಿಳಿದು ಪೆಡಲು ಪಟಪಟನೆ ಬಡಿಯುವುದು ಬೇರೆ ವಿಷಯ. ಅದು ದೋಷವಲ್ಲ, ಆಗ ಗಾಬರಿಯಿಂದ ಕಾಲು ತೆಗೆಯಬಾರದು.

ಸೈಕಲ್ಲಿನಲ್ಲೂ ಇದೆ. ಕ್ಯಾಂಟಿಲಿವರ್ ಬ್ರೇಕಿರುವ ಸೈಕಲ್ಲುಗಳ ಮುಂದಿನ ಫೋರ್ಕು ಬ್ರೇಕ್ ಹಿಡಿದಾಗ ಹಿಂದಕ್ಕೆ ಬಾಗಿ, ಅದರಿಂದ ಬ್ರೇಕಿನ ತಂತಿ ಇನ್ನಷ್ಟು ಬಿಗಿದು, ಚಕ್ರ ಜಾರಿ ಫೋರ್ಕು ಮರಳಿ, ಮತ್ತೆ ಬಾಗುತ್ತದೆ. ತಂತಿಯ ಹಿಡಿಕೆಯನ್ನು ಹ್ಯಾಂಡಲಿನ ಕುತ್ತಿಗೆಯ ಬದಲು ಫೋರ್ಕಿನ ಮೇಲೆಯೇ ಕೂರಿಸುವುದು ಇದಕ್ಕೆ ಮದ್ದು. ಮಳೆ ನಿಂತ ಮೇಲೆ ಅರ್ಧ ಒಣಗಿದ ಗಾಜಿನ ಮೇಲೆ ವೈಪರಿನ ರಬ್ಬರು ಹಾರಿಹಾರಿ ಹೋಗುವುದಕ್ಕೂ ಇದೇ ಪದ, ಇದೇ ಕಾರಣ.

ಪರದೆಯ ಮೇಲೆ

ಸಿನಿಮಾ ಮತ್ತು ಟೆಲಿವಿಷನ್ ತಂತ್ರಜ್ಞರು ಈ ಪದಕ್ಕೆ ಎರಡನೆಯ ಜನ್ಮ ಕೊಟ್ಟರು. ಇಲ್ಲಿ ಅದುರುವುದು ವಸ್ತುವಲ್ಲ, ನೋಟ.

ಮಾತಿನ ಚಿತ್ರಗಳು ಬಂದ 1920ರ ದಶಕದ ಕೊನೆಯಲ್ಲಿ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಎಂಬ ಲೆಕ್ಕ ಸಿನಿಮಾಕ್ಕೆ ಸ್ಥಿರವಾಯಿತು. ಕನ್ನಡ ಚಿತ್ರಗಳೂ ಇದೇ ಲೆಕ್ಕದಲ್ಲಿ ಚಿತ್ರೀಕರಣವಾಗುತ್ತವೆ. ಅಮೆರಿಕ, ಜಪಾನ್‌ಗಳ ಟೆಲಿವಿಷನ್ ಸೆಕೆಂಡಿಗೆ ಸುಮಾರು 60 ಸಲ ಪರದೆಯನ್ನು ಹೊಸದಾಗಿಸುತ್ತದೆ. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸುವುದು ಸಾಧ್ಯವಿಲ್ಲ. ಅದಕ್ಕೆ ಒಂದು ಚೌಕಟ್ಟನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುವ ಉಪಾಯ ಹೂಡಿದರು. ಒಂದು ಚಿತ್ರ ಸೆಕೆಂಡಿನ ಮೂವತ್ತನೆಯ ಒಂದು ಭಾಗ ನಿಂತರೆ, ಮರುಚಿತ್ರ ಇಪ್ಪತ್ತನೆಯ ಒಂದು ಭಾಗ ನಿಲ್ಲುತ್ತದೆ. ಪಾತ್ರಧಾರಿ ಕುಳಿತು ಮಾತಾಡುವಾಗ ಇದು ಯಾರಿಗೂ ಕಾಣದು. ಕ್ಯಾಮೆರಾ ಬೆಟ್ಟದ ಸಾಲನ್ನು ಎಡದಿಂದ ಬಲಕ್ಕೆ ತೋರಿಸುತ್ತಾ ಹೋದಾಗ ಬೆಟ್ಟ ಕುಂಟುತ್ತದೆ. ಈ ಕುಂಟಾಟವೇ ಪರದೆಯ ಜಡರ್.

ಭಾರತದ ಟೆಲಿವಿಷನ್ 50ರ ಲೆಕ್ಕದ್ದು. ಇಲ್ಲಿ ಸಿನಿಮಾವನ್ನು ಸೆಕೆಂಡಿಗೆ 25 ಚೌಕಟ್ಟಿನಂತೆ ಸುಮಾರು ನೂರಕ್ಕೆ ನಾಲ್ಕರಷ್ಟು ಬೇಗ ಓಡಿಸಿ, ಪ್ರತಿ ಚೌಕಟ್ಟನ್ನು ಎರಡು ಸಲ ತೋರಿಸುವುದು ರೂಢಿ. ಹೀಗೆ ಮಾಡಿದರೆ ಕುಂಟಾಟವಿಲ್ಲ. ಚಿತ್ರ ಕೊಂಚ ಮೊದಲೇ ಮುಗಿಯುತ್ತದೆ, ದನಿ ಒಂದಿಷ್ಟು ಏರಿರುತ್ತದೆ. ಆದರೆ ಈಗ ನಮ್ಮವರೂ ಚಿತ್ರ ನೋಡುವುದು ಬಹುಪಾಲು ಮೊಬೈಲಿನಲ್ಲಿ, ಲ್ಯಾಪ್‌ಟಾಪಿನಲ್ಲಿ. ಅವುಗಳ ಪರದೆ 60ರ ಲೆಕ್ಕದ್ದಾದರೆ ಎರಡು-ಮೂರರ ಕುಂಟುನಡಿಗೆ ಇಲ್ಲಿಗೂ ಬಂತು. 120ರ ಲೆಕ್ಕದ ಪರದೆಯಲ್ಲಿ ಪ್ರತಿ ಚೌಕಟ್ಟೂ ಸಮನಾಗಿ ಐದೈದು ಸಲ ಬರುವಂತೆ ಮಾಡಬಹುದು.

ಸಮನಾಗಿ ತೋರಿಸಿದರೂ ಸೆಕೆಂಡಿಗೆ 24 ಎಂಬುದೇ ಕಡಿಮೆ. ವೇಗದ ಚಲನೆಯಲ್ಲಿ ಒಂದು ಚೌಕಟ್ಟಿನಿಂದ ಮುಂದಿನದಕ್ಕೆ ವಸ್ತು ಎಷ್ಟು ದೂರ ನೆಗೆಯುತ್ತದೆಂದರೆ ಕಣ್ಣು ಆ ಅಂತರವನ್ನು ತುಂಬಲಾರದು. ಅದಕ್ಕಾಗಿಯೇ ಛಾಯಾಗ್ರಾಹಕರು ಪರದೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ವಸ್ತು ಸಾಗಲು ಸುಮಾರು ಏಳು ಸೆಕೆಂಡಾದರೂ ಇರಲಿ ಎಂಬ ಹಳೆಯ ಸೂತ್ರ ಪಾಲಿಸುತ್ತಾರೆ. ನಿರ್ದೇಶಕ ಪೀಟರ್ ಜಾಕ್ಸನ್ 2012ರಲ್ಲಿ ದ ಹಾಬಿಟ್ ಮಾಲಿಕೆಯ ಮೊದಲ ಚಿತ್ರವನ್ನು ಸೆಕೆಂಡಿಗೆ 48 ಚೌಕಟ್ಟಿನಲ್ಲಿ ತೋರಿಸಿದಾಗ ಅದುರಾಟವೇನೋ ತಗ್ಗಿತು. ಆದರೆ ಸಿನಿಮಾ ಸಿನಿಮಾದಂತಿಲ್ಲ, ಟಿವಿ ಧಾರಾವಾಹಿಯಂತಿದೆ ಎಂದು ಅನೇಕ ಪ್ರೇಕ್ಷಕರು ದೂರಿದರು. ಟಿವಿ ತಯಾರಕರು ಚೌಕಟ್ಟುಗಳ ನಡುವೆ ತಾವೇ ಲೆಕ್ಕಹಾಕಿ ಹೊಸ ಚೌಕಟ್ಟು ತುಂಬುವ ಸೌಲಭ್ಯ ಕೊಟ್ಟಾಗಲೂ ಇದೇ ದೂರು. ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ 2018ರ ಡಿಸೆಂಬರಿನಲ್ಲಿ ವಿಡಿಯೊ ಮಾಡಿ, ಮನೆಯ ಟಿವಿಯಲ್ಲಿ ಅದನ್ನು ಆಫ್ ಮಾಡಿಡಿ ಎಂದು ಕೇಳಿಕೊಂಡರು. 2019ರಲ್ಲಿ ಟಿವಿ ಕಂಪನಿಗಳ ಒಕ್ಕೂಟ ಈ ಸೌಲಭ್ಯವನ್ನು ಆಫ್ ಮಾಡುವ ಫಿಲ್ಮ್‌ಮೇಕರ್ ಮೋಡ್ ಎಂಬ ವ್ಯವಸ್ಥೆ ಪ್ರಕಟಿಸಿತು. ತುಸು ಅದುರುವುದೂ ಸಿನಿಮಾದ ಸೊಬಗಿನ ಭಾಗವೆಂದು ಕಲಾವಿದರೇ ವಾದಿಸಿದ ಸಂದರ್ಭ ಇದು. ಅವರ ಮಾತಿನಲ್ಲಿ ಸತ್ವವಿದೆ. ತೊಂಬತ್ತು ವರ್ಷ ಕಣ್ಣು ಪಳಗಿದ್ದು ಆ ಲಯಕ್ಕೆ.

ಟಿವಿಗಳ ಗುಣಪರೀಕ್ಷೆ ಮಾಡುವವರು ಇಲ್ಲಿ ಇನ್ನೊಂದು ಗೆರೆ ಎಳೆದಿದ್ದಾರೆ. ಚೌಕಟ್ಟುಗಳು ಅಸಮ ಹೊತ್ತು ನಿಂತು ಆಗುವ ಕುಂಟಾಟಕ್ಕೆ ಜಡರ್. ಚೌಕಟ್ಟು ಸಮನಾಗಿದ್ದೂ ಪರದೆ ತೀರ ಚುರುಕಾದ್ದರಿಂದ ಪ್ರತಿ ಚೌಕಟ್ಟೂ ಬಿಡಿಬಿಡಿಯಾಗಿ ಕಂಡರೆ ಸ್ಟಟರ್. ಜನಸಾಮಾನ್ಯರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ.

ತಲೆಗೆ ತೊಡುವ ವರ್ಚುವಲ್ ರಿಯಾಲಿಟಿ ಕನ್ನಡಕಗಳಲ್ಲಿ ಸಮಸ್ಯೆ ಇನ್ನೂ ತೀವ್ರ. ಆಗ ವಾಲ್ವ್ ಎಂಬ ವಿಡಿಯೊ ಗೇಮ್ ಸಂಸ್ಥೆಯಲ್ಲಿದ್ದ ಮೈಕೆಲ್ ಅಬ್ರಾಶ್ 2013ರಲ್ಲಿ ಇದನ್ನು ಬಿಡಿಸಿ ಬರೆದರು. ತಲೆ ತಿರುಗಿಸುವಾಗ ಕಣ್ಣು ಒಂದು ವಸ್ತುವಿನ ಮೇಲೆ ನೆಟ್ಟಿರುತ್ತದೆ. ಪರದೆಯ ಬಿಂದುಗಳೋ, ಒಂದು ಚೌಕಟ್ಟಿನ ಅವಧಿಯಷ್ಟೂ ಒಂದೇ ಕಡೆ ಹೊತ್ತಿ ನಿಂತಿರುತ್ತವೆ. ಅಷ್ಟರಲ್ಲಿ ರೆಟಿನಾದ ಮೇಲೆ ಚಿತ್ರ ಎಳೆದುಕೊಂಡು ಮಸುಕಾಗುತ್ತದೆ, ಮುಂದಿನ ಚೌಕಟ್ಟಿಗೆ ಥಟ್ಟನೆ ನೆಗೆಯುತ್ತದೆ. ಈ ಮಸುಕು ಮತ್ತು ನೆಗೆತ ಸೇರಿದ್ದೇ ಜಡರ್. 60ರ ಲೆಕ್ಕದಲ್ಲಿ ಒಂದು ಚೌಕಟ್ಟು ಸುಮಾರು 16.7 ಮಿಲಿಸೆಕೆಂಡು ಇರುತ್ತದೆ. ಬಿಂದುಗಳನ್ನು ಅದರಲ್ಲಿ ಒಂದೆರಡು ಮಿಲಿಸೆಕೆಂಡು ಮಾತ್ರ ಹೊತ್ತಿಸಿ ಆರಿಸಿದರೆ ಮಸುಕು ಮಾಯ. ಇಂದಿನ ಕನ್ನಡಕಗಳು ಈ ಉಪಾಯವನ್ನೇ ಅನುಸರಿಸುತ್ತವೆ.

ರಸ್ತೆ ಮತ್ತು ರೂಪಕ

ನ್ಯೂಜಿಲೆಂಡಿನಲ್ಲಿ ನಮ್ಮ ರಸ್ತೆಯ ಹಂಪ್‌ಗೆ ಜಡರ್ ಬಾರ್ ಎಂದು ಹೆಸರು. ವಾಹನವನ್ನು ಅದುರಿಸುವುದಕ್ಕೆಂದೇ ಹಾಕಿದ ಅಡ್ಡಪಟ್ಟಿ ಎಂಬರ್ಥ. ಬ್ರಿಟನ್ನಿನವರಿಗೆ ಈ ಹೆಸರು ಹೊಸದೆನಿಸುತ್ತದೆ.

ಪತ್ರಿಕೆಗಳಲ್ಲಿ ರೂಪಕವಾಗಿ ಬಂದಾಗ ಜಡರ್ ಬಹುತೇಕ ನಿಲುಗಡೆಯ ಜೊತೆಗೇ ಬರುತ್ತದೆ: ಮಾತುಕತೆ, ಆರ್ಥಿಕತೆ, ಮನೆಮಾರಾಟ, ಗೆಲುವಿನ ಓಟ ಇವೆಲ್ಲ ಜಡರಿಂಗ್ ಹಾಲ್ಟಿಗೆ ಬರುತ್ತವೆ. ಬಳಸಿ ಬಳಸಿ ಸವೆದ ನುಡಿಗಟ್ಟು ಇದು. ಎಷ್ಟೋ ವರದಿಗಳಲ್ಲಿ ಅದುರಾಟವಿಲ್ಲ, ಬರೀ ನಿಲುಗಡೆಯಿದೆ. ತಾಂತ್ರಿಕ ಬರಹದಲ್ಲಿ ಇಷ್ಟು ನಿಖರವಾಗಿರುವ ಪದ ಸುದ್ದಿಯಲ್ಲಿ ಇಷ್ಟು ಸಡಿಲವಾಗಿರುವುದು ಬೇಸರದ ಸಂಗತಿ. ವೈದ್ಯರು ಇದನ್ನು ಹತ್ತಿರ ಸೇರಿಸಿಲ್ಲ. ಕೈನಡುಕಕ್ಕೆ ಅವರ ಪದ ಟ್ರೆಮರ್.

ಬೇರೆ ಭಾಷೆಗಳು ಮತ್ತು ಕನ್ನಡ

ಜಪಾನೀಯರು ಈ ಪದವನ್ನೇ ಎರವಲು ಪಡೆದು ಜಡಾ ಎಂದು ಉಚ್ಚರಿಸುತ್ತಾರೆ. ಕ್ಲಚ್ಚಿಗೂ ಬ್ರೇಕಿಗೂ ಟಿವಿಗೂ ಅದೇ. ಜರ್ಮನರು ತಮ್ಮ ಮನೆಯ ಪದಗಳನ್ನೇ ಹಿಡಿದಿದ್ದಾರೆ: ಕ್ಲಚ್ಚಿನದು ರುಪ್ಫೆನ್, ಗರಿ ಕೀಳುವುದಕ್ಕೂ ಅದೇ ಪದ, ಬ್ರೇಕಿನದು ರುಬ್ಬೆಲ್ನ್, ಎಂದರೆ ತಿಕ್ಕುವುದು. ಫ್ರೆಂಚರಲ್ಲಿ ಕ್ಲಚ್ಚು ಅದುರಿದರೆ ಅದು ಬ್ರೂಟೆ ಮಾಡುತ್ತದೆ. ದನ ಹುಲ್ಲು ಮೇಯುವುದಕ್ಕೂ ಇದೇ ಕ್ರಿಯಾಪದ. ಜರ್ಮನರೂ ಫ್ರೆಂಚರೂ ಗ್ಯಾರೇಜಿನ ಕೆಲಸಕ್ಕೆ ಹೊಲಮನೆಯ ಪದಗಳನ್ನು ಹಿಂಜರಿಯದೆ ಕರೆತಂದರು.

ಕನ್ನಡಕ್ಕೆ ಈ ಪದವನ್ನು ತರುವವರು ಸಾಮಾನ್ಯವಾಗಿ ಕಂಪಿಸು, ನಡುಗು ಎಂದು ಬರೆದು ಮುಂದೆ ಹೋಗುತ್ತಾರೆ. ಕಂಪಿಸು ಎಂಬುದು ವೈಬ್ರೇಟಿಗೆ ಒಪ್ಪುತ್ತದೆ. ನಡುಗು ಜೀವವಿರುವ ಮೈಯ ಪದ. ಚಳಿಯೋ ಹೆದರಿಕೆಯೋ ಅದರ ಹಿಂದಿರಬೇಕು. ಜಡರ್‌ನ ಜಾಗದಲ್ಲಿ ನಿಲ್ಲಬಲ್ಲ ಪದ ಅದುರು. ತುಟಿ ಅದುರುತ್ತದೆ, ಕಣ್ಣಿನ ರೆಪ್ಪೆ ಅದುರುತ್ತದೆ, ಲಾರಿ ಹೋದರೆ ಕಿಟಕಿ ಅದುರುತ್ತದೆ, ಸ್ಟೇರಿಂಗ್ ಅದುರುತ್ತದೆ. ಹಿಡಿತ ಮೀರಿದ, ಚಿಕ್ಕಚಿಕ್ಕ, ಬೇಗಬೇಗನೆಯ ಏಟು ಈ ಎಲ್ಲದರಲ್ಲೂ ಇದೆ. ಎಷ್ಟು ಬಲದ ಅದುರಾಟ ಎಂದು ಹೇಳಲು ಗಡಗಡ, ಗದಗದ, ಥರಥರ ಮುಂದೆ ಬಂದು ನಿಲ್ಲಲು ಸಿದ್ಧವಾಗಿವೆ. ಕನ್ನಡದಲ್ಲಿ ವಾಹನ ಕೈಪಿಡಿ, ಐಟಿಐ ಪಠ್ಯ, ಸಿನಿಮಾ ತಂತ್ರಜ್ಞಾನದ ಬರಹ ಸಿದ್ಧಪಡಿಸುವವರು ಕಂಪನ ಎಂಬ ಒಂದೇ ಪದಕ್ಕೆ ಎಲ್ಲವನ್ನೂ ಹೊರಿಸದೆ ‘ಕ್ಲಚ್ ಅದುರು’, ‘ಬ್ರೇಕ್ ಅದುರು’, ‘ಚಿತ್ರದ ಅದುರು’ ಎಂದು ಬರೆಯಲಿ. ಮೆಕ್ಯಾನಿಕ್ಕಿಗೂ ವಿದ್ಯಾರ್ಥಿಗೂ ಅದು ಕೂಡಲೇ ಅರ್ಥವಾಗುತ್ತದೆ.